ಗ್ರಾಹಕರು ಗಾಬರಿಯಾಗಬಾರದು

ಬ್ಯಾಂಕಿನಿಂದ ಬರುವ ಪ್ರತಿ ಒಟಿಪಿಯ ಬಾಲಕ್ಕೂ ಒಂದು ಉಪದೇಶ ಅಂಟಿಕೊಂಡಿರುತ್ತದೆ: ಇದನ್ನು ಯಾರಿಗೂ ಹೇಳಬೇಡಿ. ನಾವು ಪಾಲಿಸುತ್ತೇವೆ, ನಿದ್ದೆಯಲ್ಲೂ ಕನವರಿಸುವುದಿಲ್ಲ. ಹೇಳುವ ಕೆಲಸವನ್ನು ನೆಟ್‌ವರ್ಕೇ ವಹಿಸಿಕೊಂಡಿರುವಾಗ ನಮಗೇಕೆ ತೊಂದರೆ?

ಜಗತ್ತಿನ ಟೆಲಿಕಾಂ ಕಂಪನಿಗಳು ತಮ್ಮತಮ್ಮಲ್ಲೇ ಮಾತಾಡಿಕೊಳ್ಳಲು ಎಸ್‌ಎಸ್7 ಎಂಬ ವ್ಯವಸ್ಥೆ ಇದೆ. ಹುಟ್ಟಿದ್ದು 1970ರ ದಶಕದಲ್ಲಿ. ಆಗ ಇದ್ದವರೇ ನಾಲ್ಕು ಜನ ದೊಡ್ಡವರು. ಒಳಗೆ ಬಂದವರನ್ನು 'ತಾವು ಯಾರು?' ಎಂದು ಕೇಳುವುದು ಮರ್ಯಾದೆಯಲ್ಲ. ಈಗ ಆ ಒಳಮನೆಯ ಪ್ರವೇಶ ಬಾಡಿಗೆಗೂ ಸಿಗುತ್ತದೆ, ಮರ್ಯಾದೆ ಮಾತ್ರ ಹಾಗೇ ಉಳಿದಿದೆ. 'ನಿಮ್ಮ ಗ್ರಾಹಕರು ಈಗ ನಮ್ಮಲ್ಲಿದ್ದಾರೆ, ಅವರ ಎಸ್ಸೆಮ್ಮೆಸ್ ಇತ್ತ ಕಳಿಸಿ' ಎಂದು ಎಲ್ಲಿಂದಲೋ ಕೋರಿಕೆ ಬಂದರೆ, ಸೋಸಿ ನೋಡುವ ಏರ್ಪಾಡಿಲ್ಲದ ನೆಟ್‌ವರ್ಕು ಕಳಿಸಿಬಿಡುತ್ತದೆ. 2014ರ ಡಿಸೆಂಬರಿನಲ್ಲಿ ಭದ್ರತಾ ಸಂಶೋಧಕರಾದ ಟೋಬಿಯಾಸ್ ಎಂಗೆಲ್ ಮತ್ತು ಕಾರ್ಸ್ಟನ್ ನೋಲ್ ಈ ಹುಳುಕನ್ನು ಜರ್ಮನಿಯ ಸಮ್ಮೇಳನವೊಂದರಲ್ಲಿ ಬಿಡಿಸಿ ತೋರಿಸಿದರು. 2017ರಲ್ಲಿ ಅದೇ ಜರ್ಮನಿಯಲ್ಲಿ, ಮೊದಲೇ ಪಾಸ್‌ವರ್ಡ್ ಕದ್ದಿದ್ದ ಕಳ್ಳರು ಒಟಿಪಿಯನ್ನೂ ಇದೇ ದಾರಿಯಲ್ಲಿ ತಿರುಗಿಸಿಕೊಂಡು ಖಾತೆಗಳಿಂದ ಹಣ ಎತ್ತಿದರು. ಉಪನ್ಯಾಸವನ್ನು ಗಮನವಿಟ್ಟು ಕೇಳಿದ್ದು ಅವರೇ ಇರಬೇಕು.

ಇನ್ನು 2ಜಿ, ಅಂದರೆ ಹಳೆಯ ತಲೆಮಾರಿನ ಮೊಬೈಲ್ ಜಾಲದ ಸಂಗತಿ. ಇಲ್ಲಿ ಫೋನು ತಾನು ಅಸಲಿ ಎಂದು ಟವರಿಗೆ ರುಜುವಾತು ಕೊಡಬೇಕು. ಟವರು ಯಾರಿಗೂ ಏನೂ ಕೊಡಬೇಕಿಲ್ಲ. ಹಾಗಾಗಿ ಸೂಟ್‌ಕೇಸಿನಷ್ಟು ಯಂತ್ರ ಇಟ್ಟುಕೊಂಡವನೂ ಟವರೇ. ಆತ 'ಗೂಢಲಿಪಿ ಬೇಡ, ಬಿಚ್ಚಿ ಮಾತಾಡು' ಎಂದರೆ ಫೋನು ವಿನಯದಿಂದ ಬಿಚ್ಚಿಕೊಳ್ಳುತ್ತದೆ. 3ಜಿ ಬಂದಾಗ ಟವರಿಗೂ ಗುರುತು ತೋರಿಸುವ ನಿಯಮ ಬಂತು, ನಿಜ. ಆದರೆ ಸಿಗ್ನಲ್ ಕೆಡಿಸಿದರೆ ಫೋನು ತಾನಾಗಿಯೇ 2ಜಿಗೆ ಇಳಿಯುತ್ತದಲ್ಲ!

ನನಗೆ ಅತಿ ಪ್ರಿಯವಾದ ಭಾಗ ಮುಂದಿದೆ. ಕರೆಗೆ ಗೂಢಲಿಪಿ ಇಲ್ಲದಿದ್ದರೆ ಫೋನಿನ ಪರದೆ ಮೇಲೆ ಎಚ್ಚರಿಕೆಯ ಗುರುತು ಮೂಡಬೇಕೆಂದು 2ಜಿಯ ಜಿಎಸ್‌ಎಂ ನಿಯಮಾವಳಿಯಲ್ಲೇ ಬರೆದಿದೆ. ನೀವು ಅದನ್ನು ಎಂದಾದರೂ ಕಂಡಿದ್ದೀರಾ? ಅದೇ ನಿಯಮಾವಳಿಯಲ್ಲಿ ಇನ್ನೊಂದು ಸಾಲೂ ಇದೆ: ಕಂಪನಿ ಬಯಸಿದರೆ ಸಿಮ್ ಕಾರ್ಡಿನಲ್ಲೇ ಒಂದು ಬಿಟ್ (ಸೊನ್ನೆ ಇಲ್ಲವೇ ಒಂದು) ಬದಲಿಸಿ ಈ ಎಚ್ಚರಿಕೆಯನ್ನು ಆರಿಸಬಹುದು. ಒಂದೇ ಒಂದು ಬಿಟ್. ಕದ್ದಾಲಿಕೆಯಿಂದ ರಕ್ಷಿಸುವುದು ದುಬಾರಿ, ಗಾಬರಿಯಿಂದ ರಕ್ಷಿಸುವುದು ಪುಕ್ಕಟೆ. ಇಂಥ ಅಂತಃಕರಣದ ಉದ್ಯಮ ಇನ್ನೊಂದಿದೆಯೇ?

ಕೊನೆಗೆ 2021ರಲ್ಲಿ ಆಂಡ್ರಾಯ್ಡ್ 12ಕ್ಕೆ, ಎಲ್ಲ ಫೋನುಗಳಿಗೂ ಅಲ್ಲದಿದ್ದರೂ, 2ಜಿಯನ್ನೇ ಬಂದ್ ಮಾಡುವ ಗುಂಡಿ ಬಂತು. ಸೆಟ್ಟಿಂಗ್ಸಿನ ಒಳಕೋಣೆ ಹೊಕ್ಕು ಹುಡುಕಿ. ಸಿಗದಿದ್ದರೆ ಬೇಸರ ಬೇಡ, ಆ ಗುಂಡಿಯನ್ನು ಗ್ರಾಹಕರ ಕಣ್ಣಿಗೆ ಬೀಳದಂತೆ ಮರೆಮಾಡುವ ಸೌಲಭ್ಯವನ್ನೂ ಆಂಡ್ರಾಯ್ಡ್ ಆಗ ಟೆಲಿಕಾಂ ಕಂಪನಿಗಳಿಗೆ ಒದಗಿಸಿತ್ತು.