ಸತ್ಯಾಂಶ: ಆ ಫೋಟೋದಲ್ಲಿರುವುದು ಲಂಡನ್ ಬ್ರಿಡ್ಜ್ ಅಲ್ಲ

ಎರಡು ಎತ್ತರದ ಗೋಪುರಗಳಿರುವ ಸೇತುವೆಯ ಫೋಟೋ, ಕೆಳಗೆ ‘ಇದು ಲಂಡನ್ ಬ್ರಿಡ್ಜ್’ ಎಂಬ ಬರಹ. ಜೊತೆಗೊಂದು ಕಥೆ: ಇದನ್ನೇ ಕೊಳ್ಳುತ್ತಿದ್ದೇನೆಂದು ನಂಬಿದ್ದ ಅಮೆರಿಕದ ಸಿರಿವಂತನಿಗೆ ಬ್ರಿಟಿಷರು ಬೇರೊಂದು ಬೋಳು ಸೇತುವೆ ಕೊಟ್ಟು ಟೋಪಿ ಹಾಕಿದರಂತೆ.

ಫೋಟೋದಲ್ಲಿರುವುದು ಟವರ್ ಬ್ರಿಡ್ಜ್. 1894ರಲ್ಲಿ ತೆರೆದ ಇದು ಇಂದಿಗೂ ಥೇಮ್ಸ್ ನದಿಯ ಮೇಲೆಯೇ ಇದೆ. ದೊಡ್ಡ ಹಡಗು ಬಂದರೆ ನಡುವಿನ ರಸ್ತೆ ಎರಡು ಪಾಲಾಗಿ ಮೇಲೇಳುತ್ತದೆ. ಲಂಡನ್ ಬ್ರಿಡ್ಜ್ ಇದರ ಪಶ್ಚಿಮಕ್ಕಿದೆ. ಈಗಿನದು 1973ರಲ್ಲಿ ಉದ್ಘಾಟನೆಯಾದ ಸಪಾಟು ಕಾಂಕ್ರೀಟ್ ಸೇತುವೆ. ಫೋಟೋ ನೋಡಿ ಜಾಗ ಹೇಳುವ ಆಟದಲ್ಲಿ ಪಾಪ, ಇದನ್ನು ಯಾರೂ ಗುರುತಿಸಲಿಕ್ಕಿಲ್ಲ.

ಮಾರಾಟವಾದದ್ದು ಅದಕ್ಕೂ ಹಿಂದಿನ, 1831ರ ಕಲ್ಲಿನ ಸೇತುವೆ. ವಾಹನಗಳ ಭಾರಕ್ಕೆ ಅದು ನಿಧಾನವಾಗಿ ಕುಸಿಯುತ್ತಿತ್ತು. 1968ರಲ್ಲಿ ಉದ್ಯಮಿ ರಾಬರ್ಟ್ ಮೆಕಲಕ್ 24,60,000 ಡಾಲರಿಗೆ ಅದನ್ನು ಕೊಂಡರು. ಹೊರಮೈಯ ಗ್ರಾನೈಟ್ ಕಲ್ಲುಗಳಿಗೆ ನಂಬರ್ ಹಾಕಿ ಹಡಗಿನಲ್ಲಿ ಸಾಗಿಸಿ, ಅರಿಜೋನಾದ ಲೇಕ್ ಹವಾಸು ಸಿಟಿಯಲ್ಲಿ ಹೊಸ ಕಾಂಕ್ರೀಟ್ ಚೌಕಟ್ಟಿನ ಮೇಲೆ ಜೋಡಿಸಿದರು. ತಮಾಷೆಯೆಂದರೆ, ಸೇತುವೆಯನ್ನು ಒಣನೆಲದ ಮೇಲೆ ಕಟ್ಟಿ, ಆಮೇಲೆ ಅಡಿಯಲ್ಲಿ ಕಾಲುವೆ ತೋಡಿ ನೀರು ಹರಿಸಿದರು! 1971ರಲ್ಲಿ ಅದು ಉದ್ಘಾಟನೆಯಾಯಿತು.

ಮೋಸಹೋದ ಕಥೆಯನ್ನು ಮೆಕಲಕ್ ಅಲ್ಲಗಳೆದಿದ್ದರು. ಲಂಡನ್ ಪರವಾಗಿ ಮಾರಾಟ ಕುದುರಿಸಿದ ಐವನ್ ಲಕಿನ್ ಕೂಡ. ತಾನು ಕಟ್ಟುತ್ತಿದ್ದ ಹೊಸ ಊರಿಗೆ ಜನರನ್ನು ಸೆಳೆಯಲು ಮೆಕಲಕ್‌ಗೆ ಬೇಕಾಗಿದ್ದದ್ದು ಆ ಹೆಸರಾಂತ ಹಳೇ ಸೇತುವೆಯೇ.