ಮೊದಲು ಪ್ರಶ್ನೆ, ಆಮೇಲೆ ಸೂಜಿ

ಕಳೆದ ವರ್ಷ ಆಷಾಢದಲ್ಲಿ ಮಂಡ್ಯದಿಂದ ಅಣ್ಣ ವಿಡಿಯೋ ಕಾಲ್ ಮಾಡಿದ. ನಾನು ಇಲ್ಲಿ ಇಂಗ್ಲೆಂಡಿನ ರೆಡಿಂಗ್‌ನಲ್ಲಿ ಆಫೀಸಿನಲ್ಲಿದ್ದೆ. ಅವನು ಮಾತಾಡಲಿಲ್ಲ. ಒಂದು ಕಾಗದವನ್ನು ಫೋನಿಗೆ ಅಂಟಿಸಿದ ಹಾಗೆ ಹಿಡಿದ. ಬರೀ ಮಸುಕು. "ಸ್ವಲ್ಪ ಹಿಂದಕ್ಕೆ ಹಿಡಿಯಣ್ಣ" ಅಂದೆ. ಕಾಗದ ನಡುಗುತ್ತಿತ್ತು. ಕೊನೆಗೆ ಕಂಡಿತು: ಸಿಎ-125, 71. ಪಕ್ಕದಲ್ಲಿ ದಪ್ಪ ಅಕ್ಷರದಲ್ಲಿ 'ಹೈ'. ಇರಬೇಕಾದ್ದು 35ರ ಒಳಗೆ.

ಅದು ಅತ್ತಿಗೆಯ ರಿಪೋರ್ಟು. ಅವರಿಗೆ 43. ಯಾರೋ ಹೇಳಿದರು ಅಂತ ಫುಲ್ ಬಾಡಿ ಚೆಕಪ್ ಮಾಡಿಸಿದ್ದರು. ಒಬ್ಬ ಹುಡುಗ ಬೆಳಿಗ್ಗೆ ಮನೆಗೇ ಬಂದು ರಕ್ತ ತೆಗೆದುಕೊಂಡು ಹೋಗಿದ್ದ. ಇನ್ನಷ್ಟು ದುಡ್ಡು ಕೊಟ್ಟರೆ ಕ್ಯಾನ್ಸರ್ ಮಾರ್ಕರ್, ಅಂದರೆ ರಕ್ತದಲ್ಲಿ ಕ್ಯಾನ್ಸರಿನ ಸುಳಿವು, ಕೂಡ ನೋಡುತ್ತೇವೆ ಅಂದಿದ್ದಕ್ಕೆ ಹೂಂ ಅಂದಿದ್ದರು. "ಇದು ಅದೇನಾ? ನಿಜ ಹೇಳಪ್ಪಾ" ಅಂತ ಅಣ್ಣನ ಹಿಂದೆ ನಿಂತು ಕೇಳಿದರು. ನಾನು ಡಾಕ್ಟರಲ್ಲ. ಏನು ಹೇಳಲಿ?

ಅವತ್ತು ಸಂಜೆಯೇ ನೂರಡಿ ರಸ್ತೆಯಲ್ಲಿ ಸ್ಕ್ಯಾನಿಂಗ್ ಆಯಿತು. ಅಂಡಾಶಯದಲ್ಲಿ ಗಡ್ಡೆ ಅಂತ ಬಂತು. ಹೆದರಿಕೆ ಎರಡರಷ್ಟಾಯಿತು. ಅಮ್ಮ ರಿಪೋರ್ಟನ್ನು ದೇವರ ಮುಂದೆ ಇಟ್ಟು ಕುಂಕುಮ ಹಚ್ಚಿದರು. ಒಂಬತ್ತು ದಿನ ಆದಮೇಲೆ ಮೈಸೂರಿನಲ್ಲಿ ದೊಡ್ಡ ಡಾಕ್ಟರೊಬ್ಬರು ನೋಡಿ, ಇದು ಚಾಕೊಲೇಟ್ ಸಿಸ್ಟ್, ಕ್ಯಾನ್ಸರ್ ಅಲ್ಲ ಅಂದರು. ಗರ್ಭಕೋಶದ ಒಳಪೊರೆಯಂಥದ್ದೇ ಹೊರಗಡೆ ಬೆಳೆದು ರಕ್ತ ಕಟ್ಟಿಕೊಳ್ಳುವ ತೊಂದರೆ. ಅತ್ತಿಗೆಗೆ ಮುಟ್ಟಿನ ಹೊತ್ತಿನಲ್ಲಿ ವರ್ಷಗಟ್ಟಲೆ ನೋವಿತ್ತು. ಹೆಂಗಸರು ಅಂದಮೇಲೆ ಇದ್ದದ್ದೇ ಅಂತ ಬಿಟ್ಟಿದ್ದರು. ಡಾಕ್ಟರು ಕೇಳಿದ ಇನ್ನೊಂದು ಮಾತು: "ರಕ್ತ ಕೊಟ್ಟ ದಿನ ಮುಟ್ಟಾಗಿದ್ರಾ?" ಆಗಿದ್ದರು. ಅಲ್ಲಿಯವರೆಗೂ ಅದನ್ನು ಯಾರೂ ಕೇಳಿರಲಿಲ್ಲ.

ಸಿಎ-125 ಅನ್ನೋದು ಒಂದು ಪ್ರೋಟೀನ್. 1981ರಲ್ಲಿ ಅಮೆರಿಕದ ರಾಬರ್ಟ್ ಬಾಸ್ಟ್ ಮತ್ತು ಜೊತೆಗಾರರು ಇದನ್ನು ಕಂಡುಹಿಡಿದರು. ಅಂಡಾಶಯದ ಕ್ಯಾನ್ಸರ್ ಇದ್ದವರಲ್ಲಿ ಜಾಸ್ತಿ ಆಗುತ್ತದೆ, ನಿಜ. ಆದರೆ ಹೊಟ್ಟೆಯೊಳಗಿನ ಪೊರೆಗೆ ಏನೇ ಕಿರಿಕಿರಿಯಾದರೂ ಜಾಸ್ತಿ ಆಗುತ್ತದೆ. ಮುಟ್ಟಾದಾಗ, ಬಸುರಿಯಾದಾಗ, ಲಿವರ್ ಕೆಟ್ಟಾಗ. ನಮ್ಮ ಕಡೆ ಮುಖ್ಯವಾಗಿ ನೆನಪಿಡಬೇಕಾದ್ದು, ಹೊಟ್ಟೆಯ ಟಿಬಿಯಲ್ಲೂ ಏರುತ್ತದೆ. ಇನ್ನೊಂದು ಕಡೆ, ಕ್ಯಾನ್ಸರ್ ಶುರುವಿನ ಹಂತದಲ್ಲಿರುವ ಹೆಂಗಸರಲ್ಲಿ ಸುಮಾರು ಅರ್ಧ ಜನಕ್ಕೆ ಇದು ಏರೋದೇ ಇಲ್ಲ. ಅಂದರೆ 'ಹೈ' ಬಂದರೆ ಹೆದರುವ ಹಾಗಿಲ್ಲ, ನಾರ್ಮಲ್ ಬಂದರೆ ನಿಶ್ಚಿಂತೆಯಾಗಿ ಕೂರುವ ಹಾಗೂ ಇಲ್ಲ.

ಉಳಿದ ಕ್ಯಾನ್ಸರ್ ಮಾರ್ಕರ್‌ಗಳೂ ಹೀಗೇ. ಕರುಳಿನ ಕ್ಯಾನ್ಸರಿಗೆ ನೋಡುವ ಸಿಇಎ, ಸಿಗರೇಟು ಸೇದುವವರಲ್ಲಿ ಸುಮ್ನೆ ಜಾಸ್ತಿ ಇರುತ್ತದೆ. ಗಂಡಸರಿಗೆ ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರಿಗೆ ಅಂತ ಮಾಡುವ ಪಿಎಸ್ಎ, ವಯಸ್ಸಾಗಿ ಆ ಗ್ರಂಥಿ ಊದಿಕೊಂಡರೂ ಏರುತ್ತದೆ. ಇವು ಕೆಲಸಕ್ಕೆ ಬಾರದ ಪರೀಕ್ಷೆಗಳು ಅಂತ ಖಂಡಿತ ಹೇಳುತ್ತಿಲ್ಲ. ಕಾಯಿಲೆ ಇದೆ ಅಂತ ಗೊತ್ತಾದಮೇಲೆ ಔಷಧಿ ಹಿಡಿಯುತ್ತಿದೆಯಾ, ಮತ್ತೆ ಮರುಕಳಿಸುತ್ತಿದೆಯಾ ಅಂತ ನೋಡಲು ಇವು ತುಂಬ ಬೇಕು.

ಅದೇ ಸಿಎ-125 ನನ್ನ ಹೆಂಡತಿಗೂ ಇಲ್ಲಿ ಮಾಡಿಸಿದ್ದರು. ಮೂರು ವಾರ ಹೊಟ್ಟೆ ಉಬ್ಬರ ಬಿಡದೆ ಇದ್ದಾಗ ನಮ್ಮ ಜಿಪಿ ಹತ್ತಿರ ಹೋದೆವು. ಇಲ್ಲಿ ಸಾಮಾನ್ಯವಾಗಿ ಮೊದಲು ಹೋಗಬೇಕಾದ್ದು ಆ ಡಾಕ್ಟರ ಹತ್ತಿರವೇ. ಹತ್ತು ನಿಮಿಷದ ಭೇಟಿ, ಅದರಲ್ಲಿ ಏಳು ನಿಮಿಷ ಪ್ರಶ್ನೆಗಳೇ. ನಾಲ್ಕು ತುತ್ತಿಗೇ ಹೊಟ್ಟೆ ತುಂಬುತ್ತದಾ? ಕಡೆಯ ಮುಟ್ಟು ಯಾವಾಗ? ತಾಯಿ ಕಡೆ ಯಾರಿಗಾದರೂ ಸ್ತನದ ಕ್ಯಾನ್ಸರ್ ಇತ್ತಾ? ಆಮೇಲೆ ಹೊಟ್ಟೆ ಮುಟ್ಟಿ ನೋಡಿ, ರಕ್ತ ಪರೀಕ್ಷೆಗೆ ಬರೆದರು. 2011ರಲ್ಲಿ ಇಲ್ಲಿ ಬಂದ ನಿಯಮವೇ ಹಾಗೆ. ಲಕ್ಷಣ ಇದ್ದರೆ ಸಿಎ-125, ಅದು 35 ಮುಟ್ಟಿದರೆ ಸ್ಕ್ಯಾನಿಂಗ್. ಏನೂ ತೊಂದರೆ ಇಲ್ಲದವರು ಹೋಗಿ ಕೇಳಿದರೆ ಈ ಪರೀಕ್ಷೆ ಬರೆದುಕೊಡುವುದಿಲ್ಲ.

ಮೊದಲು ನನಗೆ ಇದು ಜಿಪುಣತನ ಅನಿಸುತ್ತಿತ್ತು. ಆಮೇಲೆ ಕಾರಣ ತಿಳಿಯಿತು. ಇಲ್ಲಿ 2001ರಿಂದ 2005ರವರೆಗೆ 50 ದಾಟಿದ 2 ಲಕ್ಷಕ್ಕೂ ಹೆಚ್ಚು ಹೆಂಗಸರನ್ನು ಒಂದು ಅಧ್ಯಯನಕ್ಕೆ ಸೇರಿಸಿಕೊಂಡರು. ಒಂದು ಗುಂಪಿಗೆ ವರ್ಷವರ್ಷ ಸಿಎ-125, ಇನ್ನೊಂದಕ್ಕೆ ಸ್ಕ್ಯಾನಿಂಗ್, ಉಳಿದವರಿಗೆ ಏನೂ ಇಲ್ಲ. 2021ರಲ್ಲಿ ಕೊನೆಯ ಲೆಕ್ಕ ಬಂತು. ಪರೀಕ್ಷೆ ಮಾಡಿಸಿಕೊಂಡವರಲ್ಲಿ ಅಂಡಾಶಯದ ಕ್ಯಾನ್ಸರ್ ಸಾವು ಕಡಿಮೆ ಆಗಿರಲಿಲ್ಲ. ಇಷ್ಟು ದೊಡ್ಡ ಉತ್ತರ ಕೈಯಲ್ಲಿರುವಾಗ ನಮ್ಮ ಮಂಡ್ಯ, ಮೈಸೂರಿನ ಮನೆಮನೆಗೆ ಅದನ್ನೇ ಪ್ಯಾಕೇಜ್ ಮಾಡಿ ಮಾರುವುದು ನನಗೆ ಸಂಕಟ ತರುತ್ತದೆ.

ಒಂದು ಲೆಕ್ಕ ಹಾಕಿ ನೋಡಿ. ಆರೋಗ್ಯವಾಗಿ ಓಡಾಡಿಕೊಂಡಿರುವ 10,000 ಹೆಂಗಸರಲ್ಲಿ ನಾಲ್ವರಿಗೆ ಕಾಯಿಲೆ ಇದೆ ಅಂದುಕೊಳ್ಳಿ. ಪರೀಕ್ಷೆ ನೂರಕ್ಕೆ ಎರಡು ಸಲ ಮಾತ್ರ ತಪ್ಪಾಗಿ 'ಹೈ' ತೋರಿಸುತ್ತದೆ ಅಂತಲೂ ಇಟ್ಟುಕೊಳ್ಳಿ. ಆ ನಾಲ್ವರಿಗೋಸ್ಕರ 200 ಮನೆಗಳಲ್ಲಿ ರಿಪೋರ್ಟು ದೇವರ ಮುಂದೆ ಹೋಗುತ್ತದೆ.

ಹಾಗಂತ ಇಲ್ಲಿ ಎಲ್ಲವೂ ಸರಿ ಇದೆಯಾ? ಇಲ್ಲ. ಕ್ಯಾನ್ಸರ್ ಇರಬಹುದು ಅಂತ ಜಿಪಿ ತುರ್ತಾಗಿ ಕಳಿಸಿದವರಲ್ಲಿ ನೂರಕ್ಕೆ 85 ಮಂದಿಗೆ 62 ದಿನದೊಳಗೆ ಚಿಕಿತ್ಸೆ ಶುರುವಾಗಬೇಕು ಅನ್ನೋದು ಗುರಿ. ಎಷ್ಟೋ ವರ್ಷದಿಂದ ಅದನ್ನು ಮುಟ್ಟಿಲ್ಲ. ಮಂಡ್ಯದಲ್ಲಿ ಸಂಜೆಯೊಳಗೆ ಆದ ಸ್ಕ್ಯಾನಿಂಗ್‌ಗೆ ಇಲ್ಲಿ ವಾರಗಟ್ಟಲೆ ಕಾದವರನ್ನು ನೋಡಿದ್ದೇನೆ. ಊರಿನ ಆ ವೇಗ ದೊಡ್ಡ ವರ. ಅದು ಸರಿಯಾದ ಪ್ರಶ್ನೆಯ ಹಿಂದೆ ಓಡಬೇಕು, ಅಷ್ಟೇ.

ರಕ್ತದ ಪ್ರೋಟೀನ್ ಮೇಲೆ ನನಗೆ ನಂಬಿಕೆ ಹೋಗಿಲ್ಲ. ಸಂಶೋಧನೆಗೆ ಅಂತ ಜನರ ರಕ್ತ, ಆರೋಗ್ಯದ ವಿವರ ಕೂಡಿಡುವ ಯುಕೆ ಬಯೋಬ್ಯಾಂಕ್‌ಗೆ 2006ರಿಂದ 2010ರೊಳಗೆ 5 ಲಕ್ಷ ಜನ ರಕ್ತ ಕೊಟ್ಟರು. ನಮ್ಮ ಪಕ್ಕದ ಮನೆಯ ಅಜ್ಜಿಯೂ ಅವರಲ್ಲೊಬ್ಬರು. ತನ್ನ ರಕ್ತದಲ್ಲಿ ಏನು ಸಿಕ್ಕಿತು ಅಂತ ಯಾರೂ ತಿಳಿಸುವುದಿಲ್ಲ ಅಂತ ಗೊತ್ತಿದ್ದೇ ಕೊಟ್ಟವರು. ಅದರಲ್ಲಿ 44,000ಕ್ಕೂ ಹೆಚ್ಚು ಜನರ ರಕ್ತದ 1,463 ಪ್ರೋಟೀನ್‌ಗಳನ್ನು ಆಕ್ಸ್‌ಫರ್ಡ್‌ನವರು ನೋಡಿದರು. 2024ರಲ್ಲಿ ಬಂದ ಉತ್ತರ: ಪ್ರೋಟೀನ್‌ಗಳಿಗೂ 19 ಬಗೆಯ ಕ್ಯಾನ್ಸರಿಗೂ ನಡುವೆ 618 ನಂಟುಗಳಿವೆ. ಅದರಲ್ಲಿ 107, ಕಾಯಿಲೆ ಪತ್ತೆಯಾಗುವುದಕ್ಕೆ ಏಳು ವರ್ಷ ಮೊದಲೇ ತೆಗೆದಿಟ್ಟ ರಕ್ತದಲ್ಲೂ ಕಂಡವು. ಓದಿದಾಗ ಮೈ ಜುಮ್ ಅಂದಿತು. ಆದರೆ ನಂಟು ಕಾಣುವುದು ಬೇರೆ, ಒಬ್ಬರ ರಕ್ತ ನೋಡಿ 'ನಿಮಗಿದೆ' ಅನ್ನುವುದು ಬೇರೆ. ಅಲ್ಲಿಗೆ ಇನ್ನೂ ದಾರಿಯಿದೆ.

ಅಲ್ಲಿಯವರೆಗೆ? ಕಣ್ಣಿಗೆ ಕಾಣುವುದನ್ನಾದರೂ ನೋಡಬೇಕು. ನಮ್ಮ ಚಿಕ್ಕಪ್ಪ ಹೊಗೆಸೊಪ್ಪು ಹಾಕುತ್ತಿದ್ದರು. ಕೆನ್ನೆಯ ಒಳಗೆ ಬಿಳಿ ಮಚ್ಚೆ ಇತ್ತು. ಸಕ್ಕರೆ, ಕೊಬ್ಬು, ಥೈರಾಯ್ಡ್ ಎಲ್ಲ ಪರೀಕ್ಷೆ ಆಗಿತ್ತು. ಎರಡು ವರ್ಷ ಒಬ್ಬರೂ "ಸ್ವಲ್ಪ ಬಾಯಿ ತೆಗೀರಿ" ಅನ್ನಲಿಲ್ಲ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಕರೆದುಕೊಂಡು ಹೋಗುವಷ್ಟರಲ್ಲಿ ತಡವಾಗಿತ್ತು. ಇಲ್ಲಿ ನಾನು ಹಲ್ಲು ತೋರಿಸಲು ಹೋದರೆ ಡೆಂಟಿಸ್ಟ್ ಪ್ರತಿ ಸಲ ನಾಲಿಗೆಯ ತುದಿಯನ್ನು ಬಟ್ಟೆಯಲ್ಲಿ ಹಿಡಿದು ಆ ಕಡೆ ಈ ಕಡೆ ಎಳೆದು, ಕೆನ್ನೆಯೊಳಗೆ ಬೆಳಕು ಬಿಟ್ಟು ನೋಡುತ್ತಾರೆ. ಅರ್ಧ ನಿಮಿಷ. ಪ್ರತಿ ಸಲವೂ ನನಗೆ ಚಿಕ್ಕಪ್ಪ ನೆನಪಾಗುತ್ತಾರೆ.

ಇದು ನಮಗೆ ಗೊತ್ತಿಲ್ಲದ ವಿದ್ಯೆಯೇನಲ್ಲ. ಪಕ್ಕದ ತಿರುವನಂತಪುರದಲ್ಲಿ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ಮನೆಮನೆಗೆ ಹೋಗಿ ಬಾಯಿ ನೋಡಿದ ಅಧ್ಯಯನ 2005ರಲ್ಲಿ ಪ್ರಕಟವಾಯಿತು. ತಂಬಾಕು, ಕುಡಿತ ಇದ್ದವರಲ್ಲಿ ಬಾಯಿ ಕ್ಯಾನ್ಸರ್ ಸಾವು ನೂರಕ್ಕೆ 34ರಷ್ಟು ಕಡಿಮೆಯಾಗಿತ್ತು. 30 ದಾಟಿದವರಿಗೆ ಬಾಯಿ, ಸ್ತನ, ಗರ್ಭಕೋಶದ ಕೊರಳು ನೋಡಬೇಕು ಅಂತ 2016ರಿಂದ ನಮ್ಮ ಸರ್ಕಾರದ್ದೇ ಮಾರ್ಗಸೂಚಿ ಇದೆ. ಅತ್ತಿಗೆಗೆ ಇದು ಯಾವುದೂ ಆಗಿರಲಿಲ್ಲ, ಸಿಎ-125 ಆಗಿತ್ತು.

ಈ ಸಂಕ್ರಾಂತಿಗೆ ಊರಿಗೆ ಹೋಗುತ್ತಿದ್ದೇನೆ. ಅತ್ತಿಗೆ ಗರ್ಭಕೋಶದ ಕೊರಳಿನ ಪರೀಕ್ಷೆ ಮಾಡಿಸಿಕೊಳ್ಳಲು ಒಪ್ಪಿದ್ದಾರೆ. ಅಣ್ಣ ಊಟ ಆದಮೇಲೆ ಈಗಲೂ ಎಲೆ ಅಡಿಕೆ ಜೊತೆ ಚಿಟಿಕೆ ಹೊಗೆಸೊಪ್ಪು ಹಾಕುತ್ತಾನೆ. "ನಂಗೇನಾಗಿದ್ದದು, ಬುಡ್ಲಾ" ಅಂದ. ಗುತ್ತಲು ರಸ್ತೆಯ ಹಲ್ಲಿನ ಡಾಕ್ಟರ ಹತ್ತಿರ ಅವನ ಹೆಸರು ಬರೆಸಿದ್ದೇನೆ, ಶನಿವಾರ ಹತ್ತೂವರೆಗೆ.