ಹೊಲಕ್ಕೆ ನುಗ್ಗುವ ಹಂದಿಗೆ ರೈತನ ಕೋವಿಯೋ, ನುರಿತವರ ರೈಫಲ್ಲೋ?

ತುಮಕೂರು ಜಿಲ್ಲೆಯ ಕೊರಟಗೆರೆ, ಮಧುಗಿರಿ, ಪಾವಗಡದ ಬೆಟ್ಟದಂಚಿನ ಊರುಗಳಲ್ಲಿ ಕಡಲೆಕಾಯಿ ಬಲಿಯುವ ಹೊತ್ತಿಗೆ ಈ ಪ್ರಶ್ನೆ ಏಳುತ್ತದೆ. 2022ರ ತಿದ್ದುಪಡಿಯ ನಂತರ ಕಾಡುಹಂದಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಎರಡನೇ ಅನುಸೂಚಿಯಲ್ಲಿದೆ. ನಿಂತ ಬೆಳೆಗೆ ಅಪಾಯವಾದ ಹಂದಿಯನ್ನು ಕೊಲ್ಲಲು 11ನೇ ಕಲಮಿನಡಿ ಅಧಿಕಾರಿಗಳು ಲಿಖಿತ ಅನುಮತಿ ಕೊಡಬಹುದು. ಕರಡಿ ಮೊದಲನೇ ಅನುಸೂಚಿಯ ಪ್ರಾಣಿ. ಬೆಳೆ ತಿಂದಿತೆಂಬ ಕಾರಣಕ್ಕೆ ಅದನ್ನು ಮುಟ್ಟುವಂತಿಲ್ಲ. ಹಂದಿಗೆ ಅನುಮತಿ ಸಿಕ್ಕಿತು ಎಂದುಕೊಳ್ಳೋಣ. ಗುಂಡು ಹಾರಿಸಬೇಕಾದವರು ಯಾರು? ಹಾರಿಸಬೇಕಾದದ್ದು ಯಾವ ಗುಂಡು?

ಪರ: ಕೋವಿ ರೈತನ ಕೈಯಲ್ಲೇ ಇರಲಿ

ಹಂದಿ ಹೇಳಿ ಕೇಳಿ ಬರುವುದಿಲ್ಲ. ಕತ್ತಲಾದ ಮೇಲೆ ಬೆಟ್ಟದ ಬುಡದ ಲಂಟಾನ ಪೊದೆಗಳಿಂದ ಹಿಂಡಾಗಿ ಇಳಿದು, ಮೂತಿಯಿಂದ ಸಾಲು ಹಿಡಿದು ಕೆದಕುತ್ತಾ ಹೋಗುತ್ತದೆ. ತಿಂದದ್ದಕ್ಕಿಂತ ಹಾಳು ಮಾಡಿದ್ದೇ ಹೆಚ್ಚು. ಬೆಳಿಗ್ಗೆ ಹೋಗಿ ನೋಡಿದರೆ ಬೇರು ಮೇಲಾಗಿ ಬಿದ್ದ ಗಿಡಗಳು, ಜಗಿದು ಉಗುಳಿದ ಸಿಪ್ಪೆ, ಮಣ್ಣಿನಲ್ಲಿ ಎರಡೆರಡು ಗೊರಸಿನ ಗುರುತು. ಹಳೆಯ ಸೀರೆಗಳನ್ನು ಹೊಲದ ಸುತ್ತ ಕಟ್ಟಿದ್ದಾಯಿತು, ತಮಟೆ ಬಡಿದದ್ದಾಯಿತು, ಪಟಾಕಿ ಸಿಡಿಸಿದ್ದಾಯಿತು. ನಾಲ್ಕು ದಿನ ಹೆದರಿದ ಹಂದಿ ಐದನೆಯ ದಿನ ಅದಕ್ಕೆಲ್ಲ ಒಗ್ಗಿಕೊಂಡಿರುತ್ತದೆ.

ನುರಿತ ಗುರಿಕಾರರನ್ನು ಕರೆಸಿ ಎನ್ನುವವರು ಒಂದು ರಾತ್ರಿ ಅಟ್ಟಣೆಯ ಮೇಲೆ ಕುಳಿತು ನೋಡಬೇಕು. ಅರ್ಜಿ ಕೊಟ್ಟು, ಪರಿಶೀಲನೆ ನಡೆದು, ಜೀಪು ಹತ್ತಿ ಅವರು ಬರುವಷ್ಟರಲ್ಲಿ ಬೆಳೆ ಮುಗಿದಿರುತ್ತದೆ. ಯಾವ ದಾರಿಯಲ್ಲಿ ಹಂದಿ ಇಳಿಯುತ್ತದೆ, ಯಾವ ಬದುವಿನ ಹತ್ತಿರ ನಿಲ್ಲುತ್ತದೆ, ಆ ಬದುವಿನ ಆಚೆ ಯಾರ ಮನೆಯಿದೆ ಎಂಬುದು ರೈತನಿಗೆ ಗೊತ್ತು. ಹೊರಗಿನವರಿಗೆ ಗೊತ್ತಿಲ್ಲ.

1959ರ ಶಸ್ತ್ರಾಸ್ತ್ರ ಕಾಯ್ದೆಯೇ ಬೆಳೆ ರಕ್ಷಣೆಯ ಕೋವಿಯನ್ನು ಒಪ್ಪಿಕೊಂಡಿದೆ. ಆದರೆ ಅಲ್ಲಿ ಬೆಳೆಗೆಂದು ಹೆಸರಿಸಿರುವುದು ನಳಿಗೆಯ ಬಾಯಿಂದ ಮದ್ದು ತುಂಬುವ ಕೋವಿಯನ್ನು. ಮದ್ದು ಸುರಿದು, ಗುಂಡು ಗಿಡಿದು, ಕೇಪು ಇಟ್ಟು ಒಂದು ಸಲ ಹೊಡೆದರೆ ಎರಡನೆಯದಕ್ಕೆ ಸಮಯವಿಲ್ಲ. ಗಾಯಗೊಂಡ ಹಂದಿ ಪೊದೆಗೆ ನುಗ್ಗಿತೆಂದರೆ ಅದು ಪ್ರಾಣಿಗೂ ನರಕ, ಮರುದಿನ ಸೌದೆಗೆ ಹೋಗುವವರಿಗೂ ಅಪಾಯ. ಬೇಕಾಗಿರುವುದು 12 ಬೋರಿನ (ಬೋರು ಎಂದರೆ ನಳಿಗೆಯ ಒಳ ಅಗಲದ ಅಳತೆ) ಜೋಡು ನಳಿಗೆಯ ಕೋವಿ, ಅದಕ್ಕೆ ಎಲ್‌ಜಿ ತೋಟಾ. ಸಣ್ಣ ಚರೆಯ ತೋಟಾ ಹಕ್ಕಿಗೆ. ಎಲ್‌ಜಿಯಲ್ಲಿ ಇರುವುದು ಕೆಲವೇ ಗುಂಡುಗಳು, ಆದರೆ ದಪ್ಪದವು. ಇಪ್ಪತ್ತೈದು ಮೀಟರಿನೊಳಗೆ ಮುಂಗಾಲಿನ ಹಿಂದೆ ಬಿದ್ದರೆ ಹಂದಿ ಉಳಿಯುವುದಿಲ್ಲ. ಗುರಿ ತಪ್ಪಿದರೂ ಆ ಗುಂಡುಗಳು ಬೇಗ ಬಲ ಕಳೆದುಕೊಳ್ಳುತ್ತವೆ. ಹೊಲದ ಪಕ್ಕದಲ್ಲೇ ಮನೆ, ಮನೆಯ ಪಕ್ಕದಲ್ಲೇ ರಸ್ತೆ ಇರುವ ನಮ್ಮ ಕಡೆ ಇದು ಸಣ್ಣ ವಿಷಯವಲ್ಲ. ರೈಫಲಿನ ಗುಂಡು ತಪ್ಪಿದರೆ ಮುಂದಿನ ಊರನ್ನೂ ಮುಟ್ಟಬಲ್ಲದು.

ಕೋವಿ ಬೇಡವೆಂದು ರೈತನ ಕೈಕಟ್ಟಿದರೆ ಏನಾಗುತ್ತದೆ ಎಂಬುದೂ ಕಣ್ಣಮುಂದಿದೆ. ಉರುಳು ಬರುತ್ತದೆ, ಬೇಲಿಗೆ ಕರೆಂಟು ಬರುತ್ತದೆ, ಹಣ್ಣಿನೊಳಗೆ ಸಿಡಿಮದ್ದು ಬರುತ್ತದೆ. 2020ರಲ್ಲಿ ಕೇರಳದ ಪಾಲಕ್ಕಾಡ್ ಜಿಲ್ಲೆಯಲ್ಲಿ ಗರ್ಭಿಣಿ ಆನೆಯೊಂದು ಅಂಥ ಸಿಡಿಮದ್ದಿಗೆ ಬಾಯಿ ಛಿದ್ರವಾಗಿ, ನೀರಿನಲ್ಲಿ ನಿಂತೇ ಸತ್ತಿತು. ಉರುಳಿಗೆ ಹಂದಿ ಯಾವುದು, ಕರಡಿ ಯಾವುದು, ಮೇಯಲು ಬಂದ ಹಸು ಯಾವುದು ಎಂದು ತಿಳಿಯುವುದಿಲ್ಲ. ಕೋವಿ ಹಿಡಿದ ಮನುಷ್ಯನಿಗೆ ತಿಳಿಯುತ್ತದೆ. ಅದೇ ಕೇರಳ 2022ರಲ್ಲಿ ಹಂದಿ ಕೊಲ್ಲಲು ಆದೇಶಿಸುವ ಅಧಿಕಾರವನ್ನು ಸ್ಥಳೀಯ ಸಂಸ್ಥೆಗಳ ಮುಖ್ಯಸ್ಥರಿಗೇ ಕೊಟ್ಟಿತು. ನಮ್ಮ ಪಂಚಾಯಿತಿಗಳಿಗೂ ಅದು ಸಿಗಲಿ. ಚುನಾವಣೆ ಬಂತೆಂದು ಬೆಳೆ ಕಾಯುವ ಕೋವಿಯನ್ನು ಠಾಣೆಯಲ್ಲಿ ಇಡಿಸಿಕೊಳ್ಳುವ ಪದ್ಧತಿಗೂ ವಿನಾಯಿತಿ ಬರಲಿ. ಹಂದಿಗೆ ನೀತಿ ಸಂಹಿತೆ ಅನ್ವಯಿಸುವುದಿಲ್ಲ.

ವಿರೋಧ: ಸಾಯಿಸುವುದಾದರೆ ಒಂದೇ ಗುಂಡಿಗೆ

ಹಂದಿಯಿಂದ ಆಗುವ ನಷ್ಟದ ಬಗ್ಗೆ ತಕರಾರಿಲ್ಲ. ಉರುಳು, ಸಿಡಿಮದ್ದಿನ ಬಗ್ಗೆಯೂ ಇಲ್ಲ. ತಕರಾರಿರುವುದು ‘ಕೋವಿ ಹಿಡಿದ ಮನುಷ್ಯನಿಗೆ ತಿಳಿಯುತ್ತದೆ’ ಎಂಬ ಮಾತಿಗೆ. ಕತ್ತಲಲ್ಲಿ ಏನು ತಿಳಿಯುತ್ತದೆ?

ಇದು ಕರಡಿಗಳ ಸೀಮೆ. ಬಂಡೆಗಳ ನಡುವಿನ ಗವಿಗಳಲ್ಲಿ ಹಗಲು ಕಳೆದು, ಹಂದಿ ಇಳಿಯುವ ಹೊತ್ತಿಗೇ ಕರಡಿಯೂ ಇಳಿಯುತ್ತದೆ. ಗೆದ್ದಲು, ಹಣ್ಣು, ಜೇನು ಹುಡುಕುತ್ತಾ ಬಂದದ್ದು ಕಡಲೆಕಾಯಿ, ಜೋಳದ ಹೊಲಕ್ಕೂ ಕಾಲಿಡುತ್ತದೆ. ತಲೆ ತಗ್ಗಿಸಿ ನೆಲ ಕೆದಕುತ್ತಿರುವ ಕರಡಿಯ ಎದೆಯ ಮೇಲಿನ ಬಿಳಿಯ ಗುರುತು ಕಾಣುವುದಿಲ್ಲ. ಕಾಣುವುದು ಕಪ್ಪು ಬೆನ್ನು ಮಾತ್ರ. ಟಾರ್ಚಿನ ಬೆಳಕಿಗೆ ಹಂದಿಯದೂ ಅದೇ ಕಪ್ಪು. ಗಾಬರಿಯಲ್ಲಿ ಕೋವಿಯ ಕುದುರೆ ಎಳೆದರೆ ಮೊದಲನೇ ಅನುಸೂಚಿಯ ಪ್ರಾಣಿ ಬಿದ್ದಿರುತ್ತದೆ. ಅಥವಾ ಬೀಳದೆ, ಹೊಟ್ಟೆಯಲ್ಲಿ ಸೀಸ ಇಟ್ಟುಕೊಂಡು ಗವಿಗೆ ಮರಳಿರುತ್ತದೆ. ಎರಡನೆಯದೇ ಹೆಚ್ಚು ಭಯಂಕರ. ಕರಡಿಯ ಜೋಲುಗೂದಲು ಕಣ್ಣಿಗೆ ಮೋಸ ಮಾಡುತ್ತದೆ: ಕಾಣುವ ಗಾತ್ರ ದೊಡ್ಡದು, ಕೂದಲಿನೊಳಗಿನ ಮೈ ಅದಕ್ಕಿಂತ ಚಿಕ್ಕದು. ನಡುಮೈಗೆ ಗುರಿಯಿಟ್ಟರೆ ಎದೆ ತಪ್ಪುತ್ತದೆ. ಗಾಯವಿಲ್ಲದ ಕರಡಿಯೇ ದಿಢೀರನೆ ಎದುರಾದ ಮನುಷ್ಯನ ಮುಖಕ್ಕೆ ಕೈ ಹಾಕುತ್ತದೆ. ನೋವಿನಲ್ಲಿರುವ ಕರಡಿಯ ಮುಂದೆ ಸೀತಾಫಲ ಕೀಳಲು ಹೋದವರು ಸಿಕ್ಕಿದರೆ?

ಇನ್ನು ಗುಂಡಿನ ಮಾತು. ದೊಡ್ಡ ಪ್ರಾಣಿಯನ್ನು ಬೇಗ ಕೊಲ್ಲುವುದು ಶಬ್ದವೂ ಅಲ್ಲ, ಗುಂಡುಗಳ ಸಂಖ್ಯೆಯೂ ಅಲ್ಲ. ಗುಂಡು ಎಷ್ಟು ಆಳಕ್ಕೆ ಹೋಯಿತು, ಹೋಗುತ್ತಾ ಎಷ್ಟು ಅಗಲವಾಯಿತು ಎಂಬುದು. ಪೂರ್ತಿ ಲೋಹದ ಕವಚವಿರುವ ಗುಂಡು ಅಗಲವಾಗದೆ ತೂರಿಕೊಂಡು ಆಚೆ ಹೋಗುತ್ತದೆ, ಪ್ರಾಣಿ ಸಣ್ಣ ತೂತಿನೊಂದಿಗೆ ಓಡುತ್ತದೆ. ತುದಿಯಲ್ಲಿ ಸೀಸ ತೆರೆದಿರುವ ಮೃದು ಮೂತಿಯ ಗುಂಡು ಒಳಗೆ ಹೊಕ್ಕು ಅಣಬೆಯಂತೆ ಅರಳುತ್ತದೆ. ಕೋಲ್ಕತ್ತಾ ಬಳಿಯ ಡಮ್‌ಡಮ್ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದ ಇಂಥ ಗುಂಡನ್ನು ಯುದ್ಧದಲ್ಲಿ ಬಳಸಬಾರದೆಂದು 1899ರಲ್ಲಿ ಹೇಗ್‌ನಲ್ಲಿ ನಿರ್ಧಾರವಾಯಿತು. ಬೇಟೆಯಲ್ಲಿ ಮಾತ್ರ ಬ್ರಿಟನ್ನಿನ ಜಿಂಕೆ ಕಾಯ್ದೆ ಅರಳುವ ಗುಂಡನ್ನೇ ಕಡ್ಡಾಯ ಮಾಡಿದೆ, ಪ್ರಾಣಿ ನರಳಬಾರದೆಂದು. ಅತಿಯಾಗಿ ಅರಳಿದರೂ ಕಷ್ಟ: ಹಗುರ ಗುಂಡು ಭುಜದ ಮೂಳೆಗೆ ತಾಗಿ ಅಲ್ಲೇ ಚೂರಾಗುತ್ತದೆ. ಅಮೆರಿಕದ ಜಾನ್ ನೋಸ್ಲರ್ 1940ರ ದಶಕದಲ್ಲಿ ನಡುವೆ ಅಡ್ಡಗೋಡೆಯಿರುವ ಗುಂಡನ್ನು ರೂಪಿಸಿದ್ದು ಇದೇ ಕಾರಣಕ್ಕೆ. ಮುಂಭಾಗ ಅರಳುತ್ತದೆ, ಹಿಂಭಾಗ ಇಡಿಯಾಗಿ ಉಳಿದು ಒಳಕ್ಕೆ ತಳ್ಳುತ್ತದೆ. ಅಲಾಸ್ಕದ ಕಂದು ಕರಡಿಗೆ .375 ಇಂಚಿನಂಥ ದೊಡ್ಡ ಬೋರು, ತೂಕದ ಗುಂಡು ಹಿಡಿಯುವುದೂ ಆಳಕ್ಕಾಗಿಯೇ. ನಮ್ಮ ಹಂದಿಗೆ ಅಷ್ಟು ಬೇಡ; ಸರ್ಕಾರಿ ಕಾರ್ಖಾನೆಯ .315 ರೈಫಲ್, ಮೃದು ಮೂತಿಯ ಗುಂಡು ಧಾರಾಳ ಸಾಕು.

ಎಲ್‌ಜಿಯ ಉಂಡೆಗಳು ಹೀಗೆ ಕೆಲಸ ಮಾಡುವುದಿಲ್ಲ. ಅವು ದೂರ ಹೋದಷ್ಟೂ ಚದುರುತ್ತವೆ. ಬಲಿತ ಗಂಡು ಹಂದಿಯ ಭುಜದ ಮೇಲೆ ಕೆಸರು ಮೆತ್ತಿದ ಬಿರುಗೂದಲು, ಅದರ ಕೆಳಗೆ ಗಡಸು ನಾರಿನ ದಪ್ಪ ಚರ್ಮದ ಗುರಾಣಿ. ಇಪ್ಪತ್ತೈದು ಮೀಟರ್ ಎಂದು ಹಗಲು ಹೇಳುವುದು ಸುಲಭ, ರಾತ್ರಿ ದೂರ ಅಳೆಯುವುದು ಕಷ್ಟ. ನಲವತ್ತು ಮೀಟರಿನಲ್ಲಿ ಹಾರಿದ ತೋಟಾದ ಒಂದೆರಡು ಉಂಡೆ ಕರುಳಿಗೆ ತಾಗಿದರೆ ಆ ಹಂದಿ ಸಾಯಲು ದಿನಗಳೇ ಹಿಡಿಯಬಹುದು.

ರೈಫಲಿನ ಗುಂಡು ಕಿಲೋಮೀಟರುಗಟ್ಟಲೆ ಹೋಗುತ್ತದೆ, ನಿಜ. ಹಾಗಾಗಿಯೇ ಅದು ಎಲ್ಲರ ಕೈಗೆ ಬೇಡ. ಎತ್ತರದ ಅಟ್ಟಣೆಯಿಂದ ಕೆಳಮುಖವಾಗಿ, ಗುಂಡು ಮಣ್ಣಿಗೇ ಇಳಿಯುವಂತೆ ಹೊಡೆಯುವವರು, ಬಂಡೆಯ ಕಡೆಗೆ ಎಂದೂ ಹೊಡೆಯದವರು ಬೇಕು. ಪ್ರಾಣಿ ಯಾವುದೆಂದು ಖಚಿತವಾಗದಿದ್ದರೆ ಹೊಡೆಯದೆ ಇಳಿದು ಬರುವವರು ಬೇಕು. ತನ್ನ ಬೆಳೆ ಕಣ್ಣೆದುರೇ ಹಾಳಾಗುತ್ತಿರುವ ಮನುಷ್ಯನಿಂದ ಆ ಸಂಯಮವನ್ನು ಕೇಳುವುದೇ ಅನ್ಯಾಯ.

ತಡವಾಗುತ್ತದೆ ಎಂಬ ದೂರು ಮಾತ್ರ ನೂರಕ್ಕೆ ನೂರು ಸರಿ. ಅದಕ್ಕೆ ಪರಿಹಾರ ತಾಲ್ಲೂಕಿಗೊಂದು ತಂಡ; ಬೆಳೆ ಬಲಿಯುವ ಮೊದಲೇ ಆಯ್ಕೆಯಾಗಿ, ಗುರಿ ಪರೀಕ್ಷೆಯಲ್ಲಿ ಗೆದ್ದ, ಊರಿನವರನ್ನೇ ದಾರಿ ತೋರಿಸಲು ಜೊತೆಗಿಟ್ಟುಕೊಂಡ ತಂಡ. ಅನುಮತಿ ಪತ್ರದಲ್ಲಿ ಯಾವ ಬೋರು, ಯಾವ ಗುಂಡು, ಎಷ್ಟು ದೂರದೊಳಗೆ ಎಂದು ಬರೆಯಬೇಕು. ಗಾಯಗೊಂಡ ಪ್ರಾಣಿಯನ್ನು ಬೆಳಗಾದ ಮೇಲೆ ರಕ್ತದ ಜಾಡು ಹಿಡಿದು ಹುಡುಕಿ ಮುಗಿಸುವುದು ಹೊಡೆದವರದೇ ಹೊಣೆ ಎಂದೂ ಬರೆಯಬೇಕು.